ನಾನು ಬರೆದ ಜಾಹೀರಾತು ನೋಡಿ ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡವರಿಗೆ

ಆಪರೇಷನ್‌ಗೆ ಹೊರಟಿರುವವರೇ, ನಮಸ್ಕಾರ.

ನಿಮ್ಮಲ್ಲಿ ಕೆಲವರು ನನ್ನ ಬರಹ ಓದಿದ್ದೀರಿ, ಬರೆದವನು ಇಂಥವನು ಎಂದು ತಿಳಿಯದೆ. "ಬೆಳಿಗ್ಗೆ ಬನ್ನಿ, ಸಂಜೆ ಹಗುರಾಗಿ ಮನೆಗೆ ಹೋಗಿ." "ಅಮ್ಮನಾದ ಮೇಲೂ ಅದೇ ನೀವು." "ಸಾವಿರಾರು ನಗುಗಳ ಹಿಂದಿನ ಕೈ." ಇಂಥ ಸಾಲುಗಳನ್ನು ಕಾಸ್ಮೆಟಿಕ್ ಸರ್ಜರಿ ಕ್ಲಿನಿಕ್ಕುಗಳಿಗಾಗಿ ಹನ್ನೊಂದು ವರ್ಷ ಬರೆದೆ. ಮೂಗು, ಗಲ್ಲ, ಎದೆ, ಹೊಟ್ಟೆ, ತಲೆಗೂದಲು, ಒಂದನ್ನೂ ಬಿಟ್ಟವನಲ್ಲ. ನಾನು ವೈದ್ಯನಲ್ಲ, ಯಾವ ಆಪರೇಷನ್ ಮಾಡಿಸಿಕೊಳ್ಳಬೇಕು, ಯಾವುದು ಬೇಡ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಒಂದು ಜಾಹೀರಾತಿನಲ್ಲಿ ಯಾವ ಮಾತು ಯಾಕಿದೆ, ಅದಕ್ಕಿಂತ ಮುಖ್ಯವಾಗಿ ಯಾವ ಮಾತು ಯಾಕಿಲ್ಲ ಎಂಬುದು ಚೆನ್ನಾಗಿ ಗೊತ್ತು. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಲು ಈ ಪತ್ರ.

ಮೊದಲು ನನ್ನ ಅತ್ತಿಗೆಯ ವಿಷಯ ಹೇಳಿಬಿಡುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರೊಂದು ಬೇಡ, ಉಳಿದದ್ದೆಲ್ಲ ಬರಿ" ಎಂದಿದ್ದಾರೆ.

ಎರಡು ಸಿಸೇರಿಯನ್ ಆದಮೇಲೆ ಅವರ ಹೊಟ್ಟೆಯ ಚರ್ಮ ಜೋಲುಬಿದ್ದಿತ್ತು. ವ್ಯಾಯಾಮಕ್ಕೆ ಬಗ್ಗುವಂಥದ್ದಲ್ಲ. ಒಂದು ದಿನ ಫೋನ್ ಹಿಡಿದುಕೊಂಡು ಬಂದು, "ನೋಡೋ, ಎಷ್ಟು ಚೆನ್ನಾಗಿ ಬರೆದಿದ್ದಾರೆ, ನನ್ನ ಮನಸ್ಸಲ್ಲಿರೋದನ್ನೇ ಹೇಳಿದ ಹಾಗಿದೆ" ಎಂದು ತೋರಿಸಿದರು. "ಅಮ್ಮನಾದ ಮೇಲೂ ಅದೇ ನೀವು" ಎಂದಿತ್ತು. ನಾನು ಕೊಂಚ ಜಂಬದಿಂದಲೇ, "ಅದು ನಾನು ಬರೆದದ್ದು ಅತ್ತಿಗೆ" ಎಂದೆ. ಅವರ ಮುಖ ಅರಳಿತು. "ಹಾಗಾದ್ರೆ ನಿಂಗೆ ಗೊತ್ತಿರೋ ಜಾಗ. ಇನ್ನೇನು ಭಯ?" ಎಂದು ಆ ವಾರವೇ ಮುಂಗಡ ಕಟ್ಟಿಬಂದರು.

ನನಗೆ ಆ ಕ್ಲಿನಿಕ್ಕಿನ ಬಗ್ಗೆ ಗೊತ್ತಿದ್ದದ್ದು ಅವರ ಲೋಗೋದ ಬಣ್ಣ ಮತ್ತು ನನ್ನ ಬಿಲ್ ಪಾಸು ಮಾಡುವವರ ಹೆಸರು. ಒಳಗೆ ಕತ್ತಿ ಹಿಡಿಯುವವರು ಯಾರೆಂದು ಒಂದು ಸಲವೂ ಕೇಳಿದವನಲ್ಲ. ಅತ್ತಿಗೆಯೂ ಕೇಳಲಿಲ್ಲ. ನನ್ನನ್ನು ನಂಬಿದ್ದರಲ್ಲ.

ಮೊದಲ ಭೇಟಿಯಲ್ಲಿ ಬಿಳಿ ಕೋಟು ಹಾಕಿದ ಹೆಂಗಸೊಬ್ಬರು ಮುಕ್ಕಾಲು ಗಂಟೆ ಕೂತು ಮಾತಾಡಿದರಂತೆ. ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರಂತೆ. ಅವರೇ ಡಾಕ್ಟರು ಎಂದುಕೊಂಡಿದ್ದರು ಅತ್ತಿಗೆ. ಅವರು ಡಾಕ್ಟರಲ್ಲ, 'ಪೇಶೆಂಟ್ ಕೌನ್ಸೆಲರ್'. ಎಷ್ಟು ಜನರಿಂದ ಮುಂಗಡ ಕಟ್ಟಿಸಿದರು ಎಂಬುದರ ಮೇಲೆ ಸಂಬಳ. ಆಪರೇಷನ್ ಮಾಡುವವರನ್ನು ಅತ್ತಿಗೆ ಮೊದಲು ನೋಡಿದ್ದು ಆಪರೇಷನ್ ದಿನ, ಮಾಸ್ಕಿನ ಹಿಂದೆ, ಸ್ಟ್ರೆಚರ್ ಮೇಲೆ ಮಲಗಿ. ಸಂಜೆಗೆ ಮನೆಗೆ ಕಳಿಸಿದರು. ನನ್ನ ಸಾಲಿನಲ್ಲಿ ಇದ್ದ ಹಾಗೆಯೇ, ಚಾಚೂ ತಪ್ಪದೆ. ಎರಡು ಪಕ್ಕೆಗಳಿಂದ ನೇತಾಡುವ ರಕ್ತ-ನೀರು ಬಸಿಯುವ ನಳಿಗೆಗಳ ಮಾತು ಮಾತ್ರ ನನ್ನ ಸಾಲಿನಲ್ಲಿ ಇರಲಿಲ್ಲ.

ಮೂರನೇ ದಿನ ಹೊಕ್ಕುಳ ಕೆಳಗೆ, ಹೊಲಿಗೆಯ ನಡುಭಾಗದಲ್ಲಿ, ಚರ್ಮ ನೀಲಿಗಟ್ಟಿ ಆಮೇಲೆ ಕಪ್ಪಾಯಿತು. ಫೋನ್ ಮಾಡಿದರೆ ಎತ್ತಿದ್ದು ಕಾಲ್ ಸೆಂಟರಿನ ಹುಡುಗ. "ಅದು ನಾರ್ಮಲ್ ಮ್ಯಾಮ್, ಫೋಟೋ ಕಳಿಸಿ." ಕಳಿಸಿದರು. "ಡಾಕ್ಟರಿಗೆ ತೋರಿಸ್ತೀವಿ ಮ್ಯಾಮ್." ಆರನೇ ದಿನ ವಾಸನೆ ಶುರುವಾದಾಗ ಅಣ್ಣ ಅವರನ್ನು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಸತ್ತ ಚರ್ಮ ಕತ್ತರಿಸಿ ತೆಗೆದರು. ಎರಡು ತಿಂಗಳು ಡ್ರೆಸಿಂಗ್.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಹೊಟ್ಟೆಯ ಜೋಲುಚರ್ಮ ತೆಗೆಯುವ ಈ ಆಪರೇಷನ್‌ನಲ್ಲಿ ಹೊಲಿಗೆಯ ಅಂಚಿನ ಚರ್ಮ ಸಾಯುವುದು ಒಳ್ಳೆಯ ಸರ್ಜನ್ ಕೈಯಲ್ಲೂ ಆಗಬಹುದಾದದ್ದು, ಧೂಮಪಾನ ಮಾಡುವವರಿಗಂತೂ ಇನ್ನೂ ಹೆಚ್ಚು. ನನ್ನ ದೂರು ಅದಲ್ಲ. ಕಪ್ಪಾದಾಗ ಬಂದು ನೋಡಬೇಕಾದವರು ಯಾರು ಎಂಬುದೇ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಎರಡನೇ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿದ್ದ ಹೆಸರನ್ನು ವೈದ್ಯಕೀಯ ಮಂಡಳಿಯ ನೋಂದಣಿ ಪಟ್ಟಿಯಲ್ಲಿ ಹುಡುಕಿದೆ. ಸಿಕ್ಕಿತು. ನಕಲಿ ಡಾಕ್ಟರೇನೂ ಅಲ್ಲ. ಹೆಸರು, ನೋಂದಣಿ ಸಂಖ್ಯೆ, ಮೂಲ ವೈದ್ಯಕೀಯ ಪದವಿ. ಅಷ್ಟೇ. ಅದರ ಕೆಳಗೆ ಸರ್ಜರಿಯ ಪದವಿ ಬರಬೇಕಾದ ಜಾಗ ಖಾಲಿ. ಕ್ಲಿನಿಕ್ಕಿನ ಕರಪತ್ರದಲ್ಲಿ ಅವರ ಹೆಸರಿನ ಮುಂದೆ 'ಸೀನಿಯರ್ ಕಾಸ್ಮೆಟಿಕ್ ಸರ್ಜನ್' ಎಂದಿತ್ತು. ಆ ಎರಡೂ ವಿಶೇಷಣಗಳನ್ನು ಸೇರಿಸಿದವನು ನಾನೇ. 'ಡಾಕ್ಟರ್' ಅಂತ ಮಾತ್ರ ಹಾಕಿದರೆ ತೀರಾ ಬೋಳಾಗಿ ಕಾಣುತ್ತದೆ ಎಂದು ಕ್ಲಿನಿಕ್ಕಿನವರು ಹೇಳಿದ್ದರು. ಹುಡುಕಲು ಹಿಡಿದ ಸಮಯ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಮುಂಗಡ ಕಟ್ಟುವ ಮುಂಚೆ ಯಾಕೆ ಸಿಗಲಿಲ್ಲ ಎಂದು ಅಣ್ಣ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಆ ಪದದ ಗುಟ್ಟು ಈಗ ಕೇಳಿ. ಪ್ಲಾಸ್ಟಿಕ್ ಸರ್ಜರಿ ಎನ್ನುವುದು ಒಂದು ವೈದ್ಯಕೀಯ ಶಾಖೆ. ಅದಕ್ಕೆ ವರ್ಷಗಟ್ಟಲೆ ತರಬೇತಿ, ಪರೀಕ್ಷೆ, ಪದವಿ ಇದೆ. ಸುಟ್ಟಗಾಯ, ಸೀಳುತುಟಿ, ತುಂಡಾದ ಬೆರಳು ಜೋಡಿಸುವುದು, ಕ್ಯಾನ್ಸರ್ ಆದಮೇಲೆ ಸ್ತನ ಮರುರಚಿಸುವುದು ಎಲ್ಲವೂ ಅದರೊಳಗೆ ಬರುತ್ತದೆ. ಕಾಸ್ಮೆಟಿಕ್ ಎನ್ನುವುದು ಉದ್ದೇಶ ಹೇಳುವ ಪದ, ಚೆಂದ ಕಾಣಲಿಕ್ಕಾಗಿ ಮಾಡುವುದು ಎಂದು. ಯಾರು ಮಾಡುತ್ತಾರೆ ಎಂಬುದನ್ನು ಆ ಪದ ಹೇಳುವುದಿಲ್ಲ. ಆದ್ದರಿಂದಲೇ ನಮಗೆ, ಜಾಹೀರಾತಿನವರಿಗೆ, ಆ ಪದವೆಂದರೆ ಪ್ರಾಣ. 'ಪ್ಲಾಸ್ಟಿಕ್ ಸರ್ಜನ್' ಎಂದು ಬರೆದರೆ ಪದವಿ ಎಲ್ಲಿ ಎಂದು ಯಾರಾದರೂ ಕೇಳಬಹುದು. 'ಕಾಸ್ಮೆಟಿಕ್ ಸರ್ಜನ್', 'ಎಸ್ಥೆಟಿಕ್ ಎಕ್ಸ್‌ಪರ್ಟ್', 'ಬ್ಯೂಟಿ ಸ್ಪೆಷಲಿಸ್ಟ್' ಎಂದರೆ ಕೇಳುವವರು ಕಡಿಮೆ.

ಇದು ಯಾವುದೋ ಒಂದು ದೇಶದ ತಾಪತ್ರಯವಲ್ಲ. ಆಸ್ಟ್ರೇಲಿಯಾದಲ್ಲಿ ತೀರಾ ಈಚಿನವರೆಗೆ ಮೂಲ ಪದವಿ ಮುಗಿಸಿದ ಯಾವ ವೈದ್ಯರಾದರೂ 'ಕಾಸ್ಮೆಟಿಕ್ ಸರ್ಜನ್' ಎಂದು ಬೋರ್ಡು ಹಾಕಿಕೊಳ್ಳಬಹುದಿತ್ತು. ದೂರುಗಳು ರಾಶಿಬಿದ್ದು, 2022ರಲ್ಲಿ ಸ್ವತಂತ್ರ ಪರಿಶೀಲನೆ ನಡೆದು, 2023ರಲ್ಲಿ ಕಾನೂನೇ ತಿದ್ದುಪಡಿಯಾಯಿತು. ಈಗ ಅಲ್ಲಿ 'ಸರ್ಜನ್' ಎಂಬ ಪದವನ್ನು ಸರ್ಜರಿ, ಸ್ತ್ರೀರೋಗ-ಪ್ರಸೂತಿ, ನೇತ್ರಶಾಸ್ತ್ರಗಳಲ್ಲಿ ತಜ್ಞರೆಂದು ನೋಂದಣಿಯಾದ ವೈದ್ಯರು ಮಾತ್ರ ಬಳಸಬಹುದು. ಬ್ರಿಟನ್‌ನಲ್ಲಿ ನೋಂದಾಯಿತ ವೈದ್ಯರು ಯಾರೇ ಆಗಲಿ ಖಾಸಗಿಯಾಗಿ ಇಂಥ ಆಪರೇಷನ್ ಮಾಡಲು ಕಾನೂನಿನ ಅಡ್ಡಿಯಿಲ್ಲ. ಅಲ್ಲಿನ ವೈದ್ಯಕೀಯ ಮಂಡಳಿಯಾದ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ತಜ್ಞರ ಪಟ್ಟಿಯಲ್ಲಿ ಹೆಸರು ಯಾವ ವಿಭಾಗದ ಕೆಳಗಿದೆ ಎಂದು ನೋಡಿಕೊಳ್ಳುವುದು ರೋಗಿಗೇ ಬಿಟ್ಟದ್ದು. ಅಮೆರಿಕದಲ್ಲಿ 'ಬೋರ್ಡ್ ಸರ್ಟಿಫೈಡ್', ಅಂದರೆ ತಜ್ಞರ ಮಂಡಳಿಯಿಂದ ಪ್ರಮಾಣಿತ, ಎಂಬ ಮಾತು ಬೇಕಾದಷ್ಟು ಓಡುತ್ತದೆ. ಆದರೆ ಯಾವ ಬೋರ್ಡು? ಅಮೆರಿಕನ್ ಬೋರ್ಡ್ ಆಫ್ ಪ್ಲಾಸ್ಟಿಕ್ ಸರ್ಜರಿ 1937ರಿಂದ ಇದೆ, ವೈದ್ಯಕೀಯ ಶಾಖೆಗಳ ಮಾತೃಸಂಸ್ಥೆ ಮಾನ್ಯ ಮಾಡಿರುವ 24 ಮಂಡಳಿಗಳಲ್ಲಿ ಅದೂ ಒಂದು. ಆ 24ರಲ್ಲಿ 'ಕಾಸ್ಮೆಟಿಕ್ ಸರ್ಜರಿ' ಎಂಬ ಹೆಸರಿನ ಮಂಡಳಿಯೇ ಇಲ್ಲ. ಇನ್ನು ಚರ್ಮರೋಗದಲ್ಲೋ ಪ್ರಸೂತಿಯಲ್ಲೋ ಸರ್ಟಿಫೈ ಆದವರೂ 'ಬೋರ್ಡ್ ಸರ್ಟಿಫೈಡ್' ಎಂದು ಬರೆದುಕೊಂಡರೆ ಅದು ಸುಳ್ಳಲ್ಲ. ನಿಮ್ಮ ಮೂಗಿಗೂ ಆ ಬೋರ್ಡಿಗೂ ಸಂಬಂಧವಿಲ್ಲ, ಅಷ್ಟೇ.

ಭಾರತದಲ್ಲಿ ಪ್ಲಾಸ್ಟಿಕ್ ಸರ್ಜರಿಯ ಪದವಿ ಎಂ.ಸಿಎಚ್., ಇಲ್ಲವೇ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಸಮಾನ ಪದವಿ. ಎಂಬಿಬಿಎಸ್ ಆದಮೇಲೆ ಜನರಲ್ ಸರ್ಜರಿ ಮೂರು ವರ್ಷ, ಅದಾದಮೇಲೆ ಇದು ಮತ್ತೆ ಮೂರು ವರ್ಷ ಎಂಬುದು ರೂಢಿಯ ದಾರಿ. ಕೂದಲು ಕಸಿಯ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಮಾತಿದೆ: ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ತರಬೇತಿ ಎನಿಸಿಕೊಳ್ಳುವುದಿಲ್ಲ. ಹಾಗೆ ಬರೆದು ಹೇಳಬೇಕಾಯಿತು ಎಂದರೆ, ಅದಕ್ಕೂ ಮುಂಚೆ ಏನು ನಡೆಯುತ್ತಿತ್ತು ಎಂದು ನೀವೇ ಊಹಿಸಿ.

ಹಾಗಾಗಿ ಗೋಡೆಯ ಮೇಲಿನ ಚೌಕಟ್ಟುಗಳನ್ನು ನೋಡಿ ತಲೆದೂಗಬೇಡಿ. ಆ ಚೌಕಟ್ಟುಗಳನ್ನು ಎಲ್ಲಿ ತೂಗುಹಾಕಿದರೆ ಕಾಯುವವರ ಕಣ್ಣಿಗೆ ಬೀಳುತ್ತದೆ ಎಂದು ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ಎರಡು ದಿನದ ಕಾರ್ಯಾಗಾರದ ಹಾಜರಾತಿ ಪತ್ರ, ವಾರ್ಷಿಕ ಚಂದಾ ಕಟ್ಟಿ ಪಡೆದ ಸಂಘದ ಸದಸ್ಯತ್ವ, ಮೆಷಿನ್ ಮಾರಿದ ಕಂಪನಿಯೇ ಕೊಟ್ಟ 'ಪ್ರಮಾಣಪತ್ರ' ಎಲ್ಲಕ್ಕೂ ಚಿನ್ನದ ಬಣ್ಣದ ಅಂಚು ಒಂದೇ ಥರ ಇರುತ್ತದೆ. ಡಾಕ್ಟರ ಪೂರ್ತಿ ಹೆಸರು ಮತ್ತು ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಆ ಸಂಖ್ಯೆಯನ್ನು ನಿಮ್ಮ ದೇಶದ ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ನೀವೇ ಹಾಕಿ ನೋಡಿ, ಕ್ಲಿನಿಕ್ಕಿನವರು ಕಳಿಸಿದ ಲಿಂಕಿನಲ್ಲಿ ಅಲ್ಲ. ನೋಂದಣಿ ಚಾಲ್ತಿಯಲ್ಲಿದೆಯೇ, ತಜ್ಞ ಪದವಿ ಯಾವುದು, ಶಿಸ್ತುಕ್ರಮವೋ ಷರತ್ತೋ ಏನಾದರೂ ಇದೆಯೇ. ಒಂದೇ ಹೆಸರಿನ ಇಬ್ಬರು ಡಾಕ್ಟರು ಇರುವುದುಂಟು, ಅದಕ್ಕೇ ಸಂಖ್ಯೆ ಬೇಕು. ಪಟ್ಟಿ ಎಲ್ಲವನ್ನೂ ಹೇಳುವುದಿಲ್ಲ, ನಿಜ. ಪದವಿ ಇದ್ದ ಮಾತ್ರಕ್ಕೆ ಕೈಗುಣ ಇರಬೇಕೆಂದಿಲ್ಲ. ನಿಮಗೆ ಬೇಕಾದ ಅದೇ ಆಪರೇಷನ್‌ಅನ್ನು ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಮಾಡಿದ್ದಾರೆ ಎಂಬುದನ್ನು ಪಟ್ಟಿಯಲ್ಲಿ ಅಲ್ಲ, ಅವರ ಬಾಯಿಂದಲೇ ಕೇಳಬೇಕು.

ಇನ್ನು ಫೋಟೋಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಅರ್ಧ ಸಂಪಾದನೆ ಇದರಿಂದಲೇ.

'ಮೊದಲು-ನಂತರ' ಚಿತ್ರ ತೆಗೆಯುವ ಕೋಣೆಯಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ. 'ಮೊದಲು' ಚಿತ್ರಕ್ಕೆ ತಲೆಯ ಮೇಲಿನ ಟ್ಯೂಬ್‌ಲೈಟ್ ಒಂದೇ. ಮೇಲಿಂದ ಬಿದ್ದ ಬೆಳಕು ಪ್ರತಿ ಮಡಿಕೆಯ ಕೆಳಗೂ ನೆರಳು ಬೀಳಿಸುತ್ತದೆ. ಕೂದಲು ಕೆದರಿದ್ದರೂ ಪರವಾಗಿಲ್ಲ, ಗಲ್ಲ ಸ್ವಲ್ಪ ತಗ್ಗಿಸಿ, ಉಸಿರು ಬಿಟ್ಟು ನಿಲ್ಲಿ, ನಗಬೇಡಿ. 'ನಂತರ' ಚಿತ್ರಕ್ಕೆ ಎದುರಿನಿಂದ ಮೆತ್ತನೆಯ ಬೆಳಕು. ಕೂದಲು ಹಿಂದಕ್ಕೆ, ಭುಜ ಹಿಂದಕ್ಕೆ, ಗಲ್ಲ ಕೂದಲೆಳೆಯಷ್ಟು ಮುಂದಕ್ಕೆ, ಹೊಟ್ಟೆ ಒಳಕ್ಕೆ. ಕತ್ತಿನ ಮಡಿಕೆ ಅರ್ಧ ಅಲ್ಲೇ ಮಾಯ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಒಮ್ಮೆ ನಮ್ಮ ಫೋಟೋಗ್ರಾಫರ್ ತಮಾಷೆಗೆ ನನ್ನನ್ನೇ ನಿಲ್ಲಿಸಿ ಎರಡೂ ಚಿತ್ರ ತೆಗೆದ. ಹತ್ತು ನಿಮಿಷದ ಅಂತರ, ಆಪರೇಷನ್ ಇಲ್ಲ. ನಾನು ಹತ್ತು ವರ್ಷ ಚಿಕ್ಕವನಾಗಿದ್ದೆ. ಎಲ್ಲರೂ ಬಿದ್ದುಬಿದ್ದು ನಕ್ಕೆವು.

ಹೊಟ್ಟೆಯ ಚಿತ್ರಗಳಲ್ಲಿ ಒಳಉಡುಪಿನ ಪಟ್ಟಿ ಎಲ್ಲಿದೆ ನೋಡಿ. ಹೊಟ್ಟೆಯ ಜೋಲುಚರ್ಮ ತೆಗೆದರೆ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕಲೆ ಉಳಿದೇ ಉಳಿಯುತ್ತದೆ, ಹೊಕ್ಕುಳ ಸುತ್ತ ಇನ್ನೊಂದು. 'ನಂತರ' ಚಿತ್ರದಲ್ಲಿ ಆ ಕಲೆಯ ಮೇಲೆ ಸರಿಯಾಗಿ ಪಟ್ಟಿ ಕೂತಿರುತ್ತದೆ. ಅದನ್ನು ಕೂರಿಸಲೆಂದೇ ಒಂದೇ ಬಣ್ಣದ ಒಳಉಡುಪಿನ ಡಬ್ಬ ಆ ಕೋಣೆಯಲ್ಲಿರುತ್ತಿತ್ತು. 'ಕಲೆಯಿಲ್ಲ' ಎಂದು ನಾನು ಬರೆದದ್ದು ಆ ಚಿತ್ರ ನೋಡಿಯೇ. ಚರ್ಮ ಕುಯ್ದ ಮೇಲೆ ಕಲೆಯಿಲ್ಲದ ಆಪರೇಷನ್ ಎಂಬುದು ಇಲ್ಲ. ಕಲೆ ಎಲ್ಲಿ, ಎಷ್ಟುದ್ದ, ಎಷ್ಟು ಎದ್ದು ಕಾಣುತ್ತದೆ ಎಂಬುದಷ್ಟೇ ಪ್ರಶ್ನೆ. ಡಾಕ್ಟರ ಹತ್ತಿರ ಚಿತ್ರ ಕೇಳುವಾಗ, "ಕಲೆ ಕಾಣುವ ಚಿತ್ರ ತೋರಿಸಿ" ಎಂದು ಬಾಯಿಬಿಟ್ಟು ಕೇಳಿ. ತೆಗೆದ ತಾರೀಖನ್ನೂ ಕೇಳಿ. ಮೂಗಿನ ಆಪರೇಷನ್ ಆದಮೇಲೆ ಊತ ಪೂರ್ತಿ ಇಳಿಯಲು ಒಂದು ವರ್ಷವೇ ಬೇಕಾಗಬಹುದು. ಆರು ವಾರದ ಚಿತ್ರಕ್ಕೆ ಇನ್ನೂ ಅರ್ಥವಿಲ್ಲ. ನಿಮ್ಮ ವಯಸ್ಸಿನ, ನಿಮ್ಮ ಮೈಬಣ್ಣದ ಚಿತ್ರ ತೋರಿಸಲು ಹೇಳಿ. ಗಾಯ ಮಾಗುವ ರೀತಿ ಮೈಬಣ್ಣಕ್ಕೆ ತಕ್ಕಂತೆ ಬೇರೆ, ಕಪ್ಪು ಚರ್ಮದಲ್ಲಿ ಕಲೆ ದಪ್ಪಗಟ್ಟುವ ಸಾಧ್ಯತೆ ಹೆಚ್ಚು. ಕೊನೆಯದಾಗಿ, ಆ ಚಿತ್ರದಲ್ಲಿರುವವರಿಗೆ ಆಪರೇಷನ್ ಮಾಡಿದವರು ನಿಮಗೆ ಮಾಡುವವರೇ ಹೌದೇ? ನಮ್ಮ ಕೈಗೆ ಚಿತ್ರಗಳು ಫೋಲ್ಡರುಗಟ್ಟಲೆ ಬರುತ್ತಿದ್ದವು. ಯಾವುದು ಯಾರ ಕೆಲಸ ಎಂದು ಬರೆದಿರುತ್ತಿರಲಿಲ್ಲ, ಕೆಲವು ಕೊಂಡ ಚಿತ್ರಗಳೂ ಇರುತ್ತಿದ್ದವು.

ನಿಮ್ಮ ಫೋನಿನ ಕ್ಯಾಮೆರಾವೂ ಸಾಚಾ ಅಲ್ಲ. ಮುಖದಿಂದ 12 ಅಂಗುಲ ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಕಾಣುವುದಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಮೂಗಿನ ಜಾಹೀರಾತುಗಳನ್ನು ನಾವು ಎಲ್ಲಿ ಹಾಕುತ್ತಿದ್ದೆವು ಗೊತ್ತೇ? ಜನ ಹೆಚ್ಚು ಸೆಲ್ಫಿ ಹಾಕುವ ಜಾಗದಲ್ಲಿ, ಸೆಲ್ಫಿಗಳ ನಡುವೆ.

ವಿಮರ್ಶೆ, ನಕ್ಷತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ನಕ್ಷತ್ರ ಕೊಟ್ಟರೆ ಮುಂದಿನ ಬೊಟಾಕ್ಸಿಗೆ, ಅಂದರೆ ಸುಕ್ಕಿಳಿಸುವ ಚುಚ್ಚುಮದ್ದಿಗೆ, ರಿಯಾಯಿತಿ ಎಂಬ ಚೀಟಿಯನ್ನು ನಾನೇ ವಿನ್ಯಾಸ ಮಾಡಿದ್ದೇನೆ. ಲಕ್ಷಗಟ್ಟಲೆ ಹಿಂಬಾಲಕರಿರುವವರು ಆಪರೇಷನ್ ಮಾಡಿಸಿಕೊಂಡು ವಿಡಿಯೋ ಹಾಕಿದರೆ, ಬಿಲ್ ಯಾರು ಕಟ್ಟಿದರು ಎಂದು ಕೇಳಿಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಇಂಥ ಚಿಕಿತ್ಸೆಗಳ ಜಾಹೀರಾತಿನಲ್ಲಿ ರೋಗಿಯ ಹೊಗಳಿಕೆಯನ್ನು ಬಳಸುವುದೇ ನಿಷಿದ್ಧ. ಬ್ರಿಟನ್‌ನಲ್ಲಿ 2022ರ ಮೇ ತಿಂಗಳಿಂದ 18 ವರ್ಷದೊಳಗಿನವರನ್ನು ಗುರಿಯಾಗಿಸಿ ಕಾಸ್ಮೆಟಿಕ್ ಚಿಕಿತ್ಸೆಗಳ ಜಾಹೀರಾತು ಹಾಕುವಂತಿಲ್ಲ. ಭಾರತದಲ್ಲಿ 2002ರ ವೈದ್ಯರ ನಡತೆ ನಿಯಮಗಳ ಪ್ರಕಾರ ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವುದೇ ಅನೈತಿಕ, ವೈದ್ಯರೇ ಕೊಡಲಿ, ಸಂಸ್ಥೆಗಳ ಮೂಲಕ ಕೊಡಲಿ. ನಿಯಮ ಇದ್ದಲ್ಲೆಲ್ಲ ನಮ್ಮಂಥವರು ಸಂದಿ ಹುಡುಕಿದ್ದೇವೆ. ಡಾಕ್ಟರ ಹೆಸರಿದ್ದರೆ ಅವರು ಮಂಡಳಿಗೆ ಉತ್ತರ ಹೇಳಬೇಕಾಗುತ್ತದೆ, ಕ್ಲಿನಿಕ್ಕಿನ ಹೆಸರಷ್ಟೇ ಇದ್ದರೆ ಉತ್ತರ ಹೇಳುವವರು ಯಾರು? ಜಾಹೀರಾತಿನಲ್ಲಿ ಡಾಕ್ಟರ ಹೆಸರು ಇಲ್ಲದಿರುವುದು ಮರೆವಲ್ಲ ಎಂಬುದು ಇದರಿಂದ ತಿಳಿದೀತು.

ಆ ಹೆಸರನ್ನೇ ನೀವು ಕೇಳಿ ಪಡೆಯಬೇಕು. ದಕ್ಷಿಣ ಕೊರಿಯಾದಲ್ಲಿ, ಹೆಸರು ಒಬ್ಬರದು ಕೈ ಇನ್ನೊಬ್ಬರದು ಎಂಬ ಮೋಸಕ್ಕೆ 'ದೆವ್ವದ ಸರ್ಜರಿ' ಎಂದೇ ಹೆಸರಿದೆ. ಮಾತಾಡಲು ಕೂರುವವರು ಹೆಸರಾಂತ ಸರ್ಜನ್, ಅರಿವಳಿಕೆ ಕೊಟ್ಟು ಕಣ್ಣು ಮುಚ್ಚಿದ ಮೇಲೆ ಕತ್ತಿ ಹಿಡಿಯುವವರು ಬೇರೆ. 2016ರಲ್ಲಿ ಅಲ್ಲಿ ದವಡೆಯ ಆಪರೇಷನ್‌ಗೆ ಹೋದ ತರುಣನೊಬ್ಬ ವಿಪರೀತ ರಕ್ತ ಹೋಗಿ ತೀರಿಕೊಂಡ. ಅವನ ತಾಯಿ ಆಪರೇಷನ್ ಕೋಣೆಯ ಕ್ಯಾಮೆರಾ ದೃಶ್ಯಗಳನ್ನು ಪಡೆದು ಮತ್ತೆ ಮತ್ತೆ ನೋಡಿದರು, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಎಂದು. ಅವರ ಹಟದ ಹೋರಾಟವೂ ಸೇರಿ 2021ರಲ್ಲಿ ಕಾನೂನು ಬಂತು. 2023ರ ಸೆಪ್ಟೆಂಬರಿನಿಂದ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ ಕೋಣೆಗಳಲ್ಲಿ ಕ್ಯಾಮೆರಾ ಕಡ್ಡಾಯ. ನೀವಿರುವಲ್ಲಿ ಅಂಥ ಕಾನೂನು ಇಲ್ಲದಿರಬಹುದು. ಒಪ್ಪಿಗೆ ಪತ್ರದಲ್ಲಿ ಆಪರೇಷನ್ ಮಾಡುವವರ ಹೆಸರು ಬರೆಸುವುದಕ್ಕೆ ಕಾನೂನು ಬೇಕಿಲ್ಲ. 'ಡಾಕ್ಟರ್ ಮತ್ತು ತಂಡ' ಎಂದು ಅಚ್ಚಾಗಿದ್ದರೆ ಹೊಡೆದುಹಾಕಿಸಿ, ಹೆಸರು ಬರೆಸಿ. ಅರಿವಳಿಕೆ ಕೊಡುವವರ ಹೆಸರೂ ಅಷ್ಟೇ ಮುಖ್ಯ. ನನ್ನ ಹನ್ನೊಂದು ವರ್ಷದ ಜಾಹೀರಾತುಗಳಲ್ಲಿ ಅರಿವಳಿಕೆ ತಜ್ಞರ ಬಗ್ಗೆ ಒಂದು ಪದವನ್ನೂ ಯಾರೂ ಬರೆಸಲಿಲ್ಲ, ಅವರನ್ನು ತೋರಿಸಿ ಮಾರಲು ಏನೂ ಇಲ್ಲವಲ್ಲ.

ಜಾಗದ ವಿಷಯವೂ ಹಾಗೇ. ನಾವು ತೋರಿಸುತ್ತಿದ್ದದ್ದು ರಿಸೆಪ್ಷನ್ನಿನ ಸೋಫಾ, ಹೂದಾನಿ. ಹೃದಯ ನಿಂತರೆ ಮತ್ತೆ ಓಡಿಸುವ ಯಂತ್ರ ಎಲ್ಲಿದೆ, ತೀವ್ರ ನಿಗಾ ಘಟಕ ಇದೆಯೇ, ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಆ ಆಸ್ಪತ್ರೆಯಲ್ಲಿ ಈ ಡಾಕ್ಟರಿಗೆ ರೋಗಿಯನ್ನು ದಾಖಲಿಸುವ ಹಕ್ಕಿದೆಯೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ವಿಶೇಷ ಬೆಲೆಯಿದೆ. ದೊಡ್ಡ ಆಸ್ಪತ್ರೆಗಳು ಆ ಹಕ್ಕು ಕೊಡುವ ಮುಂಚೆ ಪದವಿ, ತರಬೇತಿಗಳನ್ನು ತಾವೇ ತಡಕಾಡಿ ನೋಡಿರುತ್ತವೆ, ನಿಮ್ಮ ಅರ್ಧ ಕೆಲಸ ಅವರು ಮಾಡಿರುತ್ತಾರೆ. ಸಕ್ಕರೆ, ರಕ್ತದೊತ್ತಡ, ಹೃದಯ ನೋಡದೆ ದಿನ ಕೊಟ್ಟರೆ ಅದು ಅನುಕೂಲವಲ್ಲ. ಗಾಯಕ ಕಾನ್ಯೆ ವೆಸ್ಟ್ ಅವರ ತಾಯಿ ಡೋಂಡಾ ವೆಸ್ಟ್ 2007ರಲ್ಲಿ ಇಂಥ ಆಪರೇಷನ್ ಮಾಡಿಸಿಕೊಂಡ ಮರುದಿನ ತೀರಿಕೊಂಡರು. ಅವರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಆಮೇಲೆ ಕ್ಯಾಲಿಫೋರ್ನಿಯಾ ರಾಜ್ಯ ಇಂಥ ಆಪರೇಷನ್‌ಗೆ ಮುಂಚೆ ದೈಹಿಕ ತಪಾಸಣೆ ಕಡ್ಡಾಯ ಮಾಡಿ 2009ರಲ್ಲಿ ಅವರ ಹೆಸರಿನಲ್ಲೇ ಕಾನೂನು ತಂದಿತು.

ಕೊಬ್ಬನ್ನು ಹೀರಿ ನಿತಂಬಕ್ಕೆ ತುಂಬುವ ಆಪರೇಷನ್ ಬಗ್ಗೆ ಒಂದು ಮಾತು. ಅದರ ಪುಟವನ್ನೂ ನಾನು ಬರೆದಿದ್ದೇನೆ, 'ನಿಮ್ಮದೇ ಕೊಬ್ಬು, ಆದ್ದರಿಂದ ಸಂಪೂರ್ಣ ಸುರಕ್ಷಿತ' ಎಂದು. ಕೊಬ್ಬು ಸ್ನಾಯುವಿನೊಳಗೆ ಹೋದರೆ ಅಲ್ಲಿನ ದೊಡ್ಡ ರಕ್ತನಾಳಗಳ ಮೂಲಕ ಶ್ವಾಸಕೋಶ ಸೇರಿ ಪ್ರಾಣ ತೆಗೆಯಬಲ್ಲದು. ಸಾವಿನ ಪ್ರಮಾಣ 3000 ಆಪರೇಷನ್‌ಗೆ ಒಂದರಷ್ಟು ಇರಬಹುದೆಂದು 2018ರಲ್ಲಿ ಪ್ಲಾಸ್ಟಿಕ್ ಸರ್ಜನ್ನರ ಹಲವು ಸಂಘಗಳು ಸೇರಿ ಎಚ್ಚರಿಸಿದವು. ಫ್ಲೋರಿಡಾ ರಾಜ್ಯ 2022ರಲ್ಲಿ ಒಬ್ಬ ಸರ್ಜನ್ ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡಬಾರದು, ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ತುಂಬಬೇಕು ಎಂದಿತು. ಆ ದಿನ ನೀವು ಎಷ್ಟನೆಯವರು ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಮೈಯೊಳಗೆ ಏನಾದರೂ ಇಡುವುದಾದರೆ ಅದರ ಕಂಪನಿ, ಮಾದರಿ, ಬ್ಯಾಚ್ ಸಂಖ್ಯೆ ಇರುವ ಕಾರ್ಡು ಕೇಳಿ ಪಡೆದು ಜೋಪಾನವಾಗಿಡಿ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಕಾರ್ಖಾನೆ ಬಳಕೆಯ ಸಿಲಿಕೋನ್ ತುಂಬಿದ ಸ್ತನ ಕಸಿಗಳನ್ನು ವರ್ಷಗಟ್ಟಲೆ ಮಾರಿ 2010ರಲ್ಲಿ ಸಿಕ್ಕಿಬಿತ್ತು. ಲಕ್ಷಾಂತರ ಹೆಂಗಸರು ತಮ್ಮೊಳಗಿರುವುದು ಅದೇನಾ ಎಂದು ಹಳೆಯ ಕಾಗದ ಹುಡುಕುತ್ತ ಅಲೆದರು.

ಮುಂಗಡದ ವಿಷಯ ಕೊನೆಯದು. "ಈ ತಿಂಗಳ ಕೊನೆಯವರೆಗೆ ಮಾತ್ರ", "ಗೆಳತಿಯ ಜೊತೆ ಬಂದರೆ ಇಬ್ಬರಿಗೂ ರಿಯಾಯಿತಿ" ಎಂಬವು ನಾನು ಬರೆದವುಗಳಲ್ಲೆಲ್ಲ ಹೆಚ್ಚು ಫಸಲು ಕೊಟ್ಟ ಸಾಲುಗಳು. ಅವುಗಳ ಕೆಲಸ ಒಂದೇ, ನೀವು ಮನೆಗೆ ಹೋಗಿ ಮಲಗಿ ಎದ್ದು ಯೋಚಿಸದ ಹಾಗೆ ಮಾಡುವುದು. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಆಪರೇಷನ್‌ಗೆ ಮುಂಚೆ ಎರಡು ಭೇಟಿ ಆಗಬೇಕು, ಕನಿಷ್ಠ ಏಳು ದಿನ ಯೋಚಿಸಲು ಬಿಡಬೇಕು. ಬ್ರಿಟನ್‌ನ ವೈದ್ಯಕೀಯ ಮಂಡಳಿ 2016ರಿಂದ ಇನ್ನೊಂದು ಮಾತು ಹೇಳುತ್ತಿದೆ: ಒಪ್ಪಿಗೆ ಪಡೆಯುವ ಮಾತುಕತೆ ಆಪರೇಷನ್ ಮಾಡುವ ವೈದ್ಯರದೇ ಹೊಣೆ, ಬೇರೆಯವರ ತಲೆಗೆ ಕಟ್ಟುವಂತಿಲ್ಲ. ಅಂದರೆ ಅತ್ತಿಗೆಯ ಹೊಟ್ಟೆಯ ಮೇಲೆ ಗೆರೆ ಎಳೆದ ಆ ಬಿಳಿ ಕೋಟಿನವರು ಮಾಡುವ ಕೆಲಸವಲ್ಲ.

ಅತ್ತಿಗೆಯ ಗಾಯ ಮಾಗಿದೆ. ಕಲೆ ಹೆಬ್ಬೆರಳಗಲ ಇದೆ, ನಡುವೆ ಸ್ವಲ್ಪ ಗುಳಿ. ಹೋದ ತಿಂಗಳು ಅದನ್ನು ಸರಿಮಾಡಿಸಬಹುದೇ ಎಂದು ವಿಚಾರಿಸಲು ಒಬ್ಬ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಿದ್ದೆವು. ಈ ಸಲ ನೋಂದಣಿ ಸಂಖ್ಯೆಯನ್ನು ಅತ್ತಿಗೆಯೇ ಮೊದಲೇ ಹುಡುಕಿ ನೋಡಿದ್ದರು. ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಮಡಿಸಿ ಸೆರಗಿನ ತುದಿಯಲ್ಲಿ ಹಿಡಿದಿದ್ದರು. ಎರಡನೆಯ ಪ್ರಶ್ನೆ, "ನಿಮ್ಮ ಕೈಯಲ್ಲಿ ಇದು ಕೆಟ್ಟದ್ದು ಇದೆಯಾ?" ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದೆ" ಎಂದರು. ಯಾವಾಗ, ಏನಾಯಿತು, ಆಮೇಲೆ ಏನು ಮಾಡಿದರು ಎಂದು ಒಂದೊಂದಾಗಿ ಹೇಳಿದರು. ಕಲೆ ಇನ್ನೂ ಪೂರ್ತಿ ಹಣ್ಣಾಗಿಲ್ಲ, ಒಂದು ವರ್ಷ ತುಂಬುವವರೆಗೆ ಮುಟ್ಟುವುದು ಬೇಡ, ಅಷ್ಟರಲ್ಲಿ ಬೇಡವೆನಿಸಿದರೆ ಇನ್ನೂ ಒಳ್ಳೆಯದು ಎಂದರು. ಮುಂಗಡದ ಮಾತೇ ಬರಲಿಲ್ಲ. ಅತ್ತಿಗೆ ಉಳಿದ ಪ್ರಶ್ನೆಗಳನ್ನು ಕೇಳಲಿಲ್ಲ. ಚೀಟಿಯನ್ನು ಇನ್ನೊಂದು ಮಡಿಕೆ ಮಡಿಸಿ ಪರ್ಸಿಗೆ ಹಾಕಿಕೊಂಡರು.

ಇಂತಿ,
ಆ ಸಾಲುಗಳನ್ನು ಬರೆದವನು

ತಾ.ಕ.: "ಅಮ್ಮನಾದ ಮೇಲೂ ಅದೇ ನೀವು" ಇನ್ನೂ ಓಡುತ್ತಿದೆ. ತೆಗೆಯಿರಿ ಎಂದು ಎರಡು ಸಲ ಕ್ಲಿನಿಕ್ಕಿಗೆ ಬರೆದೆ. ಸಾಲಿನ ಹಕ್ಕು ಕ್ಲಿನಿಕ್ಕಿಗೆ ಸೇರಿದ್ದು ಎಂದು ಉತ್ತರ ಬಂತು. ನಿಜ, ಕರಾರಿನಲ್ಲಿ ಹಾಗೇ ಇದೆ. ಎಲ್ಲಾದರೂ ಅದು ಕಣ್ಣಿಗೆ ಬಿದ್ದರೆ, ಕೆಳಗೆ ಡಾಕ್ಟರ ಹೆಸರು ಇದೆಯಾ ನೋಡಿ.